ಮೂರು ಗಂಟೆ ಯಾರೂ ಅಡ್ಡ ಬರದಿದ್ದರೆ

ಜಯನಗರದಿಂದ ಯಲಹಂಕದವರೆಗೆ ಬೆಂಗಳೂರಿನಲ್ಲಿ ಎಲ್ಲಿ ಹೋದರೂ ನಾಲ್ಕು ರಸ್ತೆ ದಾಟುವುದರೊಳಗೆ ಪುಟ್ಟ ಮಕ್ಕಳ ಒಂದು ಮಾಂಟೆಸ್ಸರಿ ಶಾಲೆಯ ಬೋರ್ಡು ಕಣ್ಣಿಗೆ ಬೀಳುತ್ತದೆ. ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಹಾಗಾಗಿ ‘ಮಾಂಟೆಸ್ಸರಿಗೆ ಸೇರಿಸಿದರೆ ಮಗುವಿಗೆ ಏನು ಪ್ರಯೋಜನ’ ಎಂದು ತಂದೆತಾಯಿ ಕೇಳಿದಾಗ, ಆ ಶಾಲೆಯಲ್ಲಿ ಬೆಳಗಿನ ಹೊತ್ತು ಹೇಗೆ ಕಳೆಯುತ್ತದೆ ಎಂದು ನಾವು ತಿರುಗಿ ಕೇಳುತ್ತೇವೆ. ಪ್ರಯೋಜನ ಖಂಡಿತ ಇದೆ. ಆದರೆ ಮಗುವಿಗೆ ಅಡ್ಡಿಯಿಲ್ಲದ ಸಮಯ ಸಿಗುತ್ತದೆಯೇ, ಬೇರೆಬೇರೆ ವಯಸ್ಸಿನ ಮಕ್ಕಳ ಒಡನಾಟ ಇದೆಯೇ, ದೊಡ್ಡವರಿಗೆ ಸುಮ್ಮನೆ ಕೂತು ನೋಡುವ ತಾಳ್ಮೆ ಇದೆಯೇ ಎಂಬುದರ ಮೇಲೆ ಅದು ನಿಂತಿದೆ.

ಅಮೆರಿಕದ ಮಿಲ್ವಾಕಿ ನಗರದಲ್ಲಿ ಸರ್ಕಾರಿ ಮಾಂಟೆಸ್ಸರಿ ಶಾಲೆಯೊಂದಕ್ಕೆ ಲಾಟರಿ ಎತ್ತಿ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದರು. ಲಾಟರಿ ಹತ್ತಿ ಅಲ್ಲಿ ಓದಿದವರನ್ನೂ ಹತ್ತದೆ ಬೇರೆ ಶಾಲೆಗೆ ಹೋದವರನ್ನೂ ಹೋಲಿಸಿ ಮನಶ್ಶಾಸ್ತ್ರಜ್ಞರಾದ ಆಂಜೆಲಿನ್ ಲಿಲ್ಲಾರ್ಡ್ ಮತ್ತು ನಿಕೋಲ್ ಎಲ್ಸ್-ಕ್ವೆಸ್ಟ್ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಎರಡೂ ಕಡೆಯ ತಂದೆತಾಯಿಗೆ ಮಾಂಟೆಸ್ಸರಿಯೇ ಬೇಕಿತ್ತು. ಆದ್ದರಿಂದ ‘ಆ ಮನೆಗಳೇ ಬೇರೆ ಥರ’ ಎಂಬ ಆಕ್ಷೇಪಕ್ಕೆ ಹೆಚ್ಚು ಜಾಗ ಉಳಿಯಲಿಲ್ಲ. 5 ವರ್ಷದವರಲ್ಲಿ ಮಾಂಟೆಸ್ಸರಿ ಮಕ್ಕಳು ಅಕ್ಷರ, ಪದ ಗುರುತಿಸುವುದರಲ್ಲಿ, ಲೆಕ್ಕದಲ್ಲಿ, ಆಟದ ನಿಯಮ ಬದಲಾದ ಕೂಡಲೇ ಹೊಂದಿಕೊಳ್ಳುವುದರಲ್ಲಿ, ಜಗಳವನ್ನು ನ್ಯಾಯದ ಮಾತಿನಿಂದ ಬಗೆಹರಿಸುವುದರಲ್ಲಿ ಮುಂದಿದ್ದರು. ಲಿಲ್ಲಾರ್ಡ್ 2012ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನಮ್ಮೂರಿಗೆ ಹೆಚ್ಚು ಮುಖ್ಯವೆಂದು ನಮ್ಮ ಅಭಿಪ್ರಾಯ. ಮಾಂಟೆಸ್ಸರಿಯ ಮೂಲ ಕಲಿಕಾ ಸಾಮಗ್ರಿಗೇ ಅಂಟಿಕೊಂಡ ತರಗತಿಯ ಮಕ್ಕಳ ಪ್ರಗತಿ, ಅದೇ ಸಾಮಗ್ರಿಯ ಜೊತೆಗೆ ವರ್ಕ್‌ಶೀಟು, ಬೇರೆ ಆಟಿಕೆಗಳನ್ನೂ ಬೆರೆಸಿದ ತರಗತಿಯವರಿಗಿಂತ ಹೆಚ್ಚಾಗಿತ್ತು.

ಮಾಂಟೆಸ್ಸರಿ ಕ್ರಮದಲ್ಲಿ ಮಕ್ಕಳನ್ನು ಬೆಳಗಿನ ಹೊತ್ತು ಸತತ ಮೂರು ತಾಸು ತಾವೇ ಆರಿಸಿಕೊಂಡ ಕೆಲಸಕ್ಕೆ ಬಿಡಬೇಕು. ಆ ವಿಷಯಕ್ಕೆ ಬರೋಣ. ಮಗು ಒಳಗೆ ಬಂದ ಮೇಲೆ ಮೊದಲು ಸುಲಭದ, ಗೊತ್ತಿರುವ ಕೆಲಸವನ್ನೇ ಎತ್ತಿಕೊಳ್ಳುತ್ತದೆ. ಸುಮಾರು ಒಂದು ತಾಸು ಕಳೆದ ಮೇಲೆ ಕೋಣೆಯಲ್ಲಿ ಗಲಿಬಿಲಿ ಶುರುವಾಗುತ್ತದೆ: ಓಡಾಟ, ಮಾತು, ಕೈಯಲ್ಲಿದ್ದದ್ದನ್ನು ಬಿಟ್ಟು ಇನ್ನೊಬ್ಬರದ್ದನ್ನು ನೋಡುವುದು. ಹೊಸ ಟೀಚರು ಇದನ್ನು ದಣಿವು ಎಂದುಕೊಂಡು ಎಲ್ಲರನ್ನೂ ಸಾಲಾಗಿ ಕೂರಿಸಿ ರೈಮ್ಸ್ ಹೇಳಿಸುತ್ತಾರೆ. ಕೆಲಸ ಕೆಡುವುದು ಅಲ್ಲೇ. ಸುಮ್ಮನೆ ಬಿಟ್ಟರೆ ಹತ್ತು ಹದಿನೈದು ನಿಮಿಷದಲ್ಲಿ ಗಲಾಟೆ ತಾನಾಗಿ ಇಳಿದು, ಮಕ್ಕಳು ಆ ದಿನದ ಅತ್ಯಂತ ಕಷ್ಟದ ಕೆಲಸವನ್ನು ಆರಿಸಿಕೊಂಡು ಅದರಲ್ಲೇ ಮುಳುಗುತ್ತಾರೆ. ಈ ಪದ್ಧತಿಯನ್ನು ರೂಪಿಸಿದ ಮರಿಯಾ ಮಾಂಟೆಸ್ಸರಿ ಈ ಏರಿಳಿತವನ್ನು ಗಮನಿಸಿ ರೇಖೆಗಳಲ್ಲಿ ದಾಖಲಿಸಿದ್ದರು. ಪ್ರಾರ್ಥನೆ, ತಿಂಡಿ, ಡ್ಯಾನ್ಸು, ನಡುವೆ 40 ನಿಮಿಷದ ‘ಮಾಂಟೆಸ್ಸರಿ ಪೀರಿಯಡ್’ ಎಂದು ಹಂಚಿಟ್ಟ ವೇಳಾಪಟ್ಟಿಯಲ್ಲಿ ಆ ಎರಡನೆಯ ಏರು ಬರುವುದೇ ಇಲ್ಲ. ಏಕಾಗ್ರತೆ ಬೆಳೆಯುವುದು ಆ ಏರಿನಲ್ಲಿ.

ಸಾಮಗ್ರಿಯ ಲೆಕ್ಕಾಚಾರವೂ ಕರಾರುವಾಕ್ಕಾದದ್ದು. ಒಂದರ ಮೇಲೊಂದು ಪೇರಿಸುವ ಗುಲಾಬಿ ಗೋಪುರದಲ್ಲಿ 10 ಘನಗಳು. ಅತಿ ಚಿಕ್ಕದು 1 ಸೆಂಟಿಮೀಟರ್, ಅತಿ ದೊಡ್ಡದು 10 ಸೆಂಟಿಮೀಟರ್. ಎಲ್ಲಕ್ಕೂ ಬಣ್ಣ ಒಂದೇ, ಆಕಾರ ಒಂದೇ. ಬದಲಾಗುವುದು ಗಾತ್ರ ಮಾತ್ರ, ಆದ್ದರಿಂದ ಮಗುವಿನ ಗಮನ ಅಲ್ಲಿಗೇ ಹೋಗುತ್ತದೆ. ಘನಗಾತ್ರದಲ್ಲಿ ದೊಡ್ಡದು ಚಿಕ್ಕದರ 1000 ಪಟ್ಟು. ಈ ಅಂಕಿಯನ್ನು ಮಗುವಿಗೆ ಯಾರೂ ಹೇಳುವುದಿಲ್ಲ, ಒಂದೊಂದಾಗಿ ಚಾಪೆಗೆ ಹೊತ್ತು ತರುವಾಗ ಅದರ ಕೈಗೆ ಗೊತ್ತಾಗುತ್ತದೆ. ಒಂದೊಂದು ಬಣ್ಣ ಹಚ್ಚಿದ ಅಗ್ಗದ ಸೆಟ್ಟು ತಂದರೆ ಮಗು ಬಣ್ಣ ನೋಡಿ ಜೋಡಿಸಿಬಿಡುತ್ತದೆ. ಚಿಕ್ಕ ಘನ ಕಳೆದುಹೋದ ಗೋಪುರವನ್ನು ಶೆಲ್ಫಿನಿಂದ ತೆಗೆದೇಬಿಡಬೇಕು.

ಸಿಲಿಂಡರ್ ಬ್ಲಾಕ್ ಎಂಬ ಮರದ ದಿಮ್ಮಿಯಲ್ಲಿ 10 ಕುಳಿ, ಅವಕ್ಕೆ ಸರಿಹೊಂದುವ 10 ಸಿಲಿಂಡರು. ದಪ್ಪದ ಕುಳಿಗೆ ತೆಳ್ಳಗಿನದನ್ನು ಹಾಕಿದರೆ ಕೊನೆಗೆ ಒಂದು ಎಲ್ಲೂ ಹಿಡಿಸದೆ ಕೈಯಲ್ಲೇ ಉಳಿಯುತ್ತದೆ. ತಪ್ಪನ್ನು ತೋರಿಸುವುದು ಸಾಮಗ್ರಿ, ಟೀಚರಲ್ಲ. ಬೈಗುಳವಿಲ್ಲದೆ ತಪ್ಪು ಕಂಡುಹಿಡಿದು ತಾನೇ ಸರಿಮಾಡಿದ ಮಗು ಮುಂದೆ ತಪ್ಪಿಗೆ ಹೆದರುವುದಿಲ್ಲ. ‘ಅಲ್ಲ ಪುಟ್ಟ, ಅದು ಇಲ್ಲಿ’ ಎಂದು ದೊಡ್ಡವರು ಕೈಹಾಕಿದರೆ ಇಷ್ಟೂ ವ್ಯರ್ಥ. ಸಿಲಿಂಡರಿನ ಗುಬುಟನ್ನು ಹಿಡಿಯುವುದು ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿನಿಂದ. ಪೆನ್ಸಿಲ್ ಹಿಡಿಯುವುದೂ ಅದೇ ಮೂರರಿಂದ.

ಹೆಸರು ಕಲಿಸುವ ಪಾಠಕ್ಕೆ ಮೂರು ಹಂತ. ಫ್ರಾನ್ಸಿನ ವೈದ್ಯ ಸೆಗೆಂ ಅವರಿಂದ ಬಂದದ್ದು. ‘ಇದು ಒರಟು, ಇದು ನುಣುಪು’ ಎಂದು ಹೇಳುವುದು ಮೊದಲನೆಯದು. ‘ಒರಟು ಯಾವುದು ಮುಟ್ಟು, ನುಣುಪಿನದನ್ನು ನನ್ನ ಕೈಗೆ ಕೊಡು, ಒರಟಿನದನ್ನು ಕಿಟಕಿಯ ಹತ್ತಿರ ಇಡು’ ಎಂಬುದು ಎರಡನೆಯದು, ಹೆಚ್ಚು ಹೊತ್ತು ನಡೆಯಬೇಕಾದದ್ದೂ ಇದೇ. ‘ಇದೇನು?’ ಎಂಬ ಪ್ರಶ್ನೆ ಮೂರನೆಯದು. ಮನೆಗೆ ನೆಂಟರು ಬಂದಾಗ ನಾವು ನೇರವಾಗಿ ಮೂರನೆಯದಕ್ಕೇ ಹಾರುತ್ತೇವೆ: ‘ಅಂಕಲ್‌ಗೆ ಹೇಳು, ಇದ್ಯಾವ ಕಲರ್?’ ಮಗು ಬಾಯಿ ಬಿಡುವುದಿಲ್ಲ. ಎರಡನೆಯ ಹಂತದಲ್ಲೇ ತಡವರಿಸಿದರೆ ಆ ದಿನಕ್ಕೆ ಅಷ್ಟಕ್ಕೇ ನಿಲ್ಲಿಸಿ, ಇನ್ನೊಂದು ದಿನ ಮೊದಲಿನಿಂದ ಶುರುಮಾಡಬೇಕು.

ಕನ್ನಡ ಅಕ್ಷರಕ್ಕೆ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ, ಆದರೆ ನಗರದ ಎಷ್ಟೋ ತರಗತಿಗಳಲ್ಲಿ ಕನ್ನಡ ಮಾತ್ರ ಇನ್ನೂ ಬೋರ್ಡು ನೋಡಿ ನಕಲು ಮಾಡುವ ಪಾಠವಾಗಿಯೇ ಉಳಿದಿದೆ. ಇದು ಬದಲಾಗಲೇಬೇಕು. ಸ್ಯಾಂಡ್‌ಪೇಪರಿನಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರದ ಮೇಲೆ ತೋರುಬೆರಳು, ಮಧ್ಯದ ಬೆರಳು ಎರಡನ್ನೂ ಬರೆಯುವ ದಿಕ್ಕಿನಲ್ಲೇ ಆಡಿಸುತ್ತ ಉಚ್ಚಾರ ಹೇಳಬೇಕು. ವರ್ಣಮಾಲೆಯ ಕ್ರಮ ಹಿಡಿದು ಅ, ಆ, ಇ, ಈ ಎಂದು ಹೊರಟರೆ ಪದ ಕಟ್ಟಲು ತಿಂಗಳುಗಟ್ಟಲೆ ಕಾಯಬೇಕು. ಸರ್ಕಾರಿ ಶಾಲೆಗಳಲ್ಲಿ ಬಳಕೆಯಲ್ಲಿರುವ ‘ರ ಗ ಸ ದ ಅ’ ಗುಂಪಿನಿಂದ ಆರಂಭಿಸಿದರೆ ಐದೇ ಅಕ್ಷರಕ್ಕೆ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಸಿಗುತ್ತವೆ. ಬಿಡಿ ಅಕ್ಷರ ಜೋಡಿಸಿ ಪದ ಮಾಡುವ ಪೆಟ್ಟಿಗೆಯನ್ನು ಆಗಲೇ ಕೊಡಬಹುದು. ಗುಣಿತದ ಚಿಹ್ನೆಗಳನ್ನು ಬೇರೆ ಬಣ್ಣದಲ್ಲಿ ಬೇರೆ ಅರೆಯಲ್ಲಿಡಿ. ಒತ್ತಕ್ಷರ ಆಮೇಲೆ ಎನ್ನುವುದು ರೂಢಿ, ಆದರೆ ಮಗು ಮೊದಲು ಬರೆಯಲು ಬಯಸುವುದು ಅಮ್ಮ, ಅಪ್ಪ, ಅಕ್ಕ, ಅಜ್ಜಿ. ಈ ನಾಲ್ಕನ್ನು ಇಡೀ ಪದದ ಚೀಟಿಯಾಗಿ ಮೊದಲೇ ಕೊಟ್ಟರೆ ತೊಂದರೆ ಏನೂ ಇಲ್ಲ.

ಮನೆಯಲ್ಲಿ ದುಬಾರಿ ಸೆಟ್ಟು ಕೊಳ್ಳುವ ಅಗತ್ಯವಿಲ್ಲ. ನಮ್ಮ ಅಡುಗೆಮನೆಯಲ್ಲಿ ಕೈಗೆ ಬೇಕಾದಷ್ಟು ಕೆಲಸವಿದೆ. ಡಿಸೆಂಬರ್, ಜನವರಿಯ ಅವರೆಕಾಯಿ ಕಾಲದಲ್ಲಿ ನೆನೆಸಿದ 20–25 ಅವರೆಕಾಳನ್ನು ಒಂದು ಬಟ್ಟಲಿಗೆ ಹಾಕಿ, ಬೇಳೆಗೊಂದು, ಸಿಪ್ಪೆಗೊಂದು ಬಟ್ಟಲಿಟ್ಟು, ಮಾತಾಡದೆ ನಿಧಾನವಾಗಿ ಎರಡು ಕಾಳು ಹಿತಕಿ ತೋರಿಸಿ. ಮೂರು ವರ್ಷ ದಾಟಿದ ಮಗು ಉಳಿದದ್ದನ್ನು ತಾನೇ ಹಿತಕುತ್ತದೆ. ಸರಿಯಾಗಿ ನೆನೆಯದ ಕಾಳು ಕೊಟ್ಟರೆ ಬೆರಳು ನೋಯುತ್ತದೆ, ಮಗು ಎದ್ದುಹೋಗುತ್ತದೆ. ಪಕ್ಕದಲ್ಲೇ ಕೂತಿರಿ, ಕಾಳು ಮೂಗಿಗೆ, ಕಿವಿಗೆ ಹೋಗುವುದು ಅಪರೂಪವಲ್ಲ. ಮೂರು ತುಂಬದವರಿಗೆ ಇದು ಬೇಡ. ನೀರು ಬಗ್ಗಿಸುವ ಕೆಲಸಕ್ಕೆ 200 ಮಿಲಿಲೀಟರಿನ ಚಿಕ್ಕ ಜಗ್ಗು ಸಾಕು. ಅದರಲ್ಲಿ ಲೋಟ ಹಿಡಿಸುವಷ್ಟೇ ನೀರಿರಲಿ, ತಟ್ಟೆಯ ಮೇಲೆ ಅಂಗೈಯಗಲದ ಒರೆಸುವ ಬಟ್ಟೆಯೂ ಇರಲಿ. ಚೆಲ್ಲಿದಾಗ ನೀವು ಒರೆಸಿದರೆ ಅರ್ಧ ಪಾಠ ಮಗುವಿನ ಕೈತಪ್ಪುತ್ತದೆ.

ಇನ್ನು ವಯಸ್ಸಿನ ಮಾತು. 3ರಿಂದ 6 ವರ್ಷದವರು ಒಂದೇ ಕೋಣೆಯಲ್ಲಿರಬೇಕು. ಇಲ್ಲಿ ಬಹಳ ಕಡೆ ಮಾಂಟ್-1, ಮಾಂಟ್-2, ಮಾಂಟ್-3 ಎಂದು ಮೂರು ಕೋಣೆ ಮಾಡಿದ್ದಾರೆ. ಆಗ ಚಿಕ್ಕವರಿಗೆ ನೋಡಿ ಕಲಿಯಲು ದೊಡ್ಡವರಿಲ್ಲ, ದೊಡ್ಡವರಿಗೆ ಹೇಳಿಕೊಡಲು ಚಿಕ್ಕವರಿಲ್ಲ. ಜೊತೆಗೆ ಎರಡು ವರ್ಷ ಮುಗಿದ ಕೂಡಲೇ ದೊಡ್ಡ ಶಾಲೆಯಲ್ಲಿ ಸೀಟು ಕೈತಪ್ಪೀತೆಂದು ಮಗುವನ್ನು ಬಿಡಿಸಿ ಯುಕೆಜಿಗೆ ಹಾಕುತ್ತಾರೆ. ಆ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಬಿಡಿ, ಹತ್ತು, ನೂರು, ಸಾವಿರದ ಚಿನ್ನದ ಬಣ್ಣದ ಮಣಿಗಳಿಂದ ದೊಡ್ಡ ಸಂಖ್ಯೆಗಳನ್ನು ಕೂಡಿ ಕಳೆಯುವುದು, ತಾನಾಗಿ ಓದಲು ತೊಡಗುವುದು, ತಂಗಿ ತಮ್ಮಂದಿರ ಪ್ರಾಯದವರಿಗೆ ಶೂ ಲೇಸು ಕಟ್ಟಿಕೊಡುವುದು ಇವೆಲ್ಲ ಗಟ್ಟಿಯಾಗುವುದು ಮೂರನೆಯ ವರ್ಷದಲ್ಲೇ. ಮಗುವನ್ನು ಸೇರಿಸುವ ದಿನವೇ ದೊಡ್ಡ ಶಾಲೆಗೂ ಫೋನ್ ಮಾಡಿ, ಒಂದನೇ ತರಗತಿಗೆ ಹೊರಗಿನಿಂದ ನೇರ ಪ್ರವೇಶ ಇದೆಯೇ, ಅರ್ಜಿ ಯಾವ ತಿಂಗಳು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮಾಂಟೆಸ್ಸರಿ ಶಾಲೆಯಲ್ಲಿ, ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಬೆಳಿಗ್ಗೆ ಒಂದು ಗಂಟೆ ಸುಮ್ಮನೆ ನೋಡಲು ಬಿಡುತ್ತೀರಾ ಎಂದು ಕೇಳಿ. ಬಿಟ್ಟರೆ, ಟೀಚರು ಎಷ್ಟು ಸಲ ಇಡೀ ಕೋಣೆಗೆ ಕೇಳುವಂತೆ ದನಿ ಎತ್ತಿದರು, ಎಷ್ಟು ಮಕ್ಕಳು ತಾವು ತೆಗೆದ ಸಾಮಗ್ರಿಯನ್ನು ತಾವೇ ಶೆಲ್ಫಿಗೆ ಇಟ್ಟರು ಎಂಬುದನ್ನು ಗಮನಿಸಿ.