ಅಂಗಡಿಯವನೇ ‘ಗುಂಡು ಮಾರಲ್ಲ’ ಅಂದರೆ ಅಮೆರಿಕದ ಬಂದೂಕಿನವರು ಏನು ಮಾಡುತ್ತಾರೆ?

ಪ್ರಶ್ನೆ: ಡಲ್ಲಾಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಒಂದು ಅಂಗಡಿಯ ಬಾಗಿಲಲ್ಲಿ ಬಂದೂಕು ಹಿಡಿದು ಒಳಗೆ ಬರುವಂತಿಲ್ಲ ಎಂಬ ದೊಡ್ಡ ಫಲಕ ನೋಡಿದೆ. ಇಂಗ್ಲಿಷಿನಲ್ಲೂ ಇತ್ತು, ಸ್ಪ್ಯಾನಿಷಿನಲ್ಲೂ ಇತ್ತು. ವಾಲ್‌ಮಾರ್ಟ್‌ನವರು ಕೆಲವು ಬಗೆಯ ಗುಂಡು ಮಾರುವುದನ್ನೇ ನಿಲ್ಲಿಸಿದ್ದಾರೆ ಎಂದು ಅಳಿಯಂದಿರು ಹೇಳಿದರು. ಬಂದೂಕು ಅಲ್ಲಿ ಸಂವಿಧಾನವೇ ಕೊಟ್ಟ ಹಕ್ಕಲ್ಲವೇ? ಅಂಗಡಿಯವನು ಅದಕ್ಕೆ ಅಡ್ಡ ಬರಬಹುದೇ? ಬಂದೂಕು ಇಟ್ಟುಕೊಂಡವರು ಸುಮ್ಮನಿರುತ್ತಾರೆಯೇ?

ಉತ್ತರ: ಅಡ್ಡ ಬರಬಹುದು. ಅವರು ಸುಮ್ಮನೆ ಇರುವುದೂ ಇಲ್ಲ. ಆದರೆ ಸಿಟ್ಟಾದವರಲ್ಲಿ ಕೋರ್ಟಿನ ಮೆಟ್ಟಿಲು ಹತ್ತುವವರು ಕಮ್ಮಿ, ಪಕ್ಕದ ಅಂಗಡಿಯ ಮೆಟ್ಟಿಲು ಹತ್ತುವವರೇ ಹೆಚ್ಚು.

ಮೊದಲು ನೀವು ನೋಡಿದ ಫಲಕದ ವಿಚಾರ. ಟೆಕ್ಸಸ್‌ನ ದಂಡ ಸಂಹಿತೆಯಲ್ಲಿ 30.06 ಮತ್ತು 30.07 ಎಂಬ ಎರಡು ಕಲಮುಗಳಿವೆ. ಮೊದಲನೆಯದು ಪರವಾನಗಿ ಪಡೆದು ಬಟ್ಟೆಯೊಳಗೆ ಪಿಸ್ತೂಲು ಇಟ್ಟುಕೊಂಡು ಬರುವವರಿಗೆ, ಎರಡನೆಯದು ಪರವಾನಗಿ ಪಡೆದು ಸೊಂಟಕ್ಕೆ ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಕೊಂಡು ಬರುವವರಿಗೆ. ಫಲಕ ಹೇಗಿರಬೇಕೆಂದು ಕಾನೂನೇ ಹೇಳುತ್ತದೆ: ಎರಡು ಭಾಷೆ, ಹಿನ್ನೆಲೆಗಿಂತ ಎದ್ದು ಕಾಣುವ ಬಣ್ಣ, ಒಂದು ಇಂಚಿಗೆ ಕಡಿಮೆಯಿಲ್ಲದ ಅಕ್ಷರ, ಕಾನೂನಿನಲ್ಲಿ ಬರೆದಿರುವ ಮಾತು ಯಥಾವತ್ತಾಗಿ. ಬಂದೂಕಿನ ಚಿತ್ರಕ್ಕೆ ಕೆಂಪು ಗೀಟು ಹಾಕಿ ಅಂಟಿಸಿದ ಪುಟ್ಟ ಸ್ಟಿಕ್ಕರು ಈ ಕಲಮುಗಳ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಅಲ್ಲಿನ ಬಂದೂಕಿನವರಿಗೆ ಫಲಕ ಓದುವುದೇ ಒಂದು ವಿದ್ಯೆ. ಯಾವ ಅಂಗಡಿಯ ಫಲಕ ಸರಿಯಾಗಿದೆ, ಯಾವುದರ ಅಕ್ಷರ ಚಿಕ್ಕದಾಯಿತು ಎಂದು ಪಟ್ಟಿ ಮಾಡಿ ಹಂಚುವವರಿದ್ದಾರೆ. ತಮಾಷೆಯೆಂದರೆ ‘ಥರ್ಟಿ ಆಟ್ ಸಿಕ್ಸ್’ ಎನ್ನುವುದು ಅಲ್ಲಿ ಜಿಂಕೆ ಬೇಟೆಗೆ ಬಳಸುವ, 1906ರಲ್ಲಿ ಸೈನ್ಯಕ್ಕೆ ಬಂದ ಒಂದು ಗುಂಡಿನ ಹೆಸರೂ ಹೌದು. ಬಂದೂಕು ಬೇಡ ಅನ್ನುವ ಫಲಕಕ್ಕೂ ಬಂದೂಕಿನವರ ಅಚ್ಚುಮೆಚ್ಚಿನ ಗುಂಡಿಗೂ ಒಂದೇ ಸಂಖ್ಯೆ.

ಸಂವಿಧಾನದ ಮಾತು. ಬಂದೂಕು ಇಟ್ಟುಕೊಳ್ಳುವ ಹಕ್ಕನ್ನು ಹೇಳುವ 1791ರ ಎರಡನೇ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರದ ಕೈಯನ್ನು, ಅಂಗಡಿಯವನ ಕೈಯನ್ನಲ್ಲ. ಊಟ ಮಾಡುವುದು ನಿಮ್ಮ ಹಕ್ಕು, ಸರಿ. ಆದರೆ ‘ಹೊರಗಿನ ತಿಂಡಿ ತರಬಾರದು’ ಎಂದು ಹೋಟೆಲಿನವನು ಬೋರ್ಡು ಹಾಕಿದರೆ ನೀವು ಬುತ್ತಿಗಂಟನ್ನು ಹೊರಗಿಟ್ಟೇ ಹೋಗಬೇಕು. ಅಷ್ಟೇ ಸರಳ. ತೊಡಕು ಬರುವುದು ವಯಸ್ಸಿನ ವಿಷಯದಲ್ಲಿ. ಕೇಂದ್ರದ ಕಾನೂನಿನ ಪ್ರಕಾರ ಪರವಾನಗಿ ಪಡೆದ ವ್ಯಾಪಾರಿ ರೈಫಲ್, ಶಾಟ್‌ಗನ್‌ಗಳನ್ನು 18 ತುಂಬಿದವರಿಗೆ ಮಾರಬಹುದು, ಪಿಸ್ತೂಲಿಗೆ 21 ಆಗಬೇಕು. 2018ರಲ್ಲಿ ಕೆಲವು ದೊಡ್ಡ ಅಂಗಡಿಗಳು ಎಲ್ಲಕ್ಕೂ 21 ಎಂದು ತಾವೇ ತೀರ್ಮಾನಿಸಿದಾಗ ಒರೆಗಾನ್‌ನ 20 ವರ್ಷದ ಹುಡುಗನೊಬ್ಬ ಡಿಕ್ಸ್ ಎಂಬ ಕ್ರೀಡಾ ಸಾಮಗ್ರಿಯ ಅಂಗಡಿಯ ಮೇಲೂ ವಾಲ್‌ಮಾರ್ಟ್ ಮೇಲೂ ದಾವೆ ಹೂಡಿದ. 18 ದಾಟಿದವರನ್ನು ವಯಸ್ಸಿನ ಕಾರಣಕ್ಕೆ ಗಿರಾಕಿಯಲ್ಲ ಎನ್ನುವಂತಿಲ್ಲ ಎಂಬ ಕಾನೂನು ಆ ರಾಜ್ಯದಲ್ಲಿದೆ. ಅವನು ಬಂದೂಕಿನ ಹಕ್ಕನ್ನು ಹಿಡಿದು ಹೋಗಲಿಲ್ಲ, ಗಿರಾಕಿಯ ಹಕ್ಕನ್ನು ಹಿಡಿದು ಹೋದ. ಜಾಣತನದ ದಾರಿ ಅದು.

ಈ ಡಿಕ್ಸ್ ಅಂಗಡಿಯ ಕಥೆ ಗೊತ್ತಿಲ್ಲದೆ ಉಳಿದದ್ದು ಅರ್ಥವಾಗುವುದಿಲ್ಲ. ಡಿಕ್ ಸ್ಟ್ಯಾಕ್ ಎಂಬವರು 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್‌ನಲ್ಲಿ ಮೀನು ಹಿಡಿಯುವ ಗಾಳ, ಎರೆ ಮಾರುವ ಅಂಗಡಿಯಾಗಿ ಶುರು ಮಾಡಿದ್ದು. ಮಗ ಎಡ್ ಸ್ಟ್ಯಾಕ್ ಕಾಲಕ್ಕೆ ಅದು ದೇಶವಿಡೀ ಹಬ್ಬಿದ ಕ್ರೀಡಾ ಸಾಮಗ್ರಿಯ ಮಳಿಗೆಯಾಯಿತು. 2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತರು. ಕೊಂದವನ ಹೆಸರನ್ನು ಕಂಪನಿಯವರು ತಮ್ಮ ದಾಖಲೆಯಲ್ಲಿ ಹುಡುಕಿದರೆ, ಹಿಂದಿನ ನವೆಂಬರಿನಲ್ಲಿ ಅವನಿಗೆ ತಮ್ಮ ಮಳಿಗೆಯಲ್ಲೇ ಒಂದು ಶಾಟ್‌ಗನ್ ಮಾರಿದ್ದು ಸಿಕ್ಕಿತು. ಶಾಲೆಯಲ್ಲಿ ಬಳಸಿದ್ದು ಅದಲ್ಲ. ಎಲ್ಲ ತಪಾಸಣೆಯೂ ನಿಯಮದಂತೆಯೇ ನಡೆದಿತ್ತು. ನಿಯಮದಂತೆ ನಡೆದೂ ಅವನ ಕೈಗೆ ಬಂದೂಕು ಸೇರಿತಲ್ಲ ಎನ್ನುವುದೇ ಸ್ಟ್ಯಾಕ್‌ಗೆ ಚುಚ್ಚಿದ್ದು. ಎರಡು ವಾರದಲ್ಲಿ, ಫೆಬ್ರವರಿ 28ಕ್ಕೆ, ಮಿಲಿಟರಿ ಮಾದರಿಯ ರೈಫಲ್‌ಗಳನ್ನೂ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನುಗಳನ್ನೂ (ಬಂದೂಕಿಗೆ ಸಿಕ್ಕಿಸುವ ಗುಂಡಿನ ಡಬ್ಬಿ) ಇನ್ನು ಮಾರುವುದಿಲ್ಲ, 21 ಆಗದವರಿಗೆ ಯಾವ ಬಂದೂಕನ್ನೂ ಕೊಡುವುದಿಲ್ಲ ಎಂದರು. ಅದೇ ದಿನ ವಾಲ್‌ಮಾರ್ಟ್ ಕೂಡ ವಯಸ್ಸನ್ನು 21ಕ್ಕೆ ಏರಿಸಿತು.

ಉಳಿದ ದಾಸ್ತಾನನ್ನು ಏನು ಮಾಡಿದರು? ಮಿಕ್ಕ ಸರಕನ್ನು ತಯಾರಿಸಿದ ಕಂಪನಿಗೆ ವಾಪಸು ಕಳಿಸುವುದು ವ್ಯಾಪಾರದ ಪದ್ಧತಿ. ಇವರು ಸುಮಾರು 50 ಲಕ್ಷ ಡಾಲರ್ ಬೆಲೆಯ ರೈಫಲ್‌ಗಳನ್ನು ಗುಜರಿ ಮಾಡಿಸಿದರು. ನನ್ನ ಲೆಕ್ಕದಲ್ಲಿ ಬಂದೂಕಿನವರು ಇವತ್ತಿಗೂ ಮರೆಯದಿರುವುದು ಇದನ್ನೇ. ಮಾರುವುದಿಲ್ಲ ಎಂದರೆ ವ್ಯಾಪಾರಿಯ ಇಷ್ಟ. ಹೊಸ ಬಂದೂಕನ್ನು ಮುರಿದು ತುಂಡು ಮಾಡಿದ್ದು ಅವರಿಗೆ ಮುಖಕ್ಕೆ ಹೊಡೆದಂತೆ ಕಂಡಿತು. ಸ್ಪ್ರಿಂಗ್‌ಫೀಲ್ಡ್ ಆರ್ಮರಿ, ಮಾಸ್‌ಬರ್ಗ್ ಎಂಬ ಬಂದೂಕು ತಯಾರಕರು ಡಿಕ್ಸ್ ಜತೆ ವ್ಯವಹಾರ ಕಡಿದುಕೊಂಡರು. ಬಂದೂಕು ಉದ್ಯಮದ ಸಂಘವಾದ ನ್ಯಾಷನಲ್ ಶೂಟಿಂಗ್ ಸ್ಪೋರ್ಟ್ಸ್ ಫೌಂಡೇಶನ್ ಡಿಕ್ಸ್ ಅನ್ನು ಸದಸ್ಯತ್ವದಿಂದ ಕಿತ್ತುಹಾಕಿತು. ಅಂದ ಹಾಗೆ ಆಗ ಆ ಸಂಘದ ಕಚೇರಿ ಇದ್ದದ್ದು ಕನೆಕ್ಟಿಕಟ್‌ನ ನ್ಯೂಟೌನ್‌ನಲ್ಲಿ, 2012ರಲ್ಲಿ ಶಾಲೆಯೊಂದರಲ್ಲಿ 20 ಎಳೆ ಮಕ್ಕಳು, 6 ಮಂದಿ ಸಿಬ್ಬಂದಿ ಗುಂಡಿಗೆ ಬಲಿಯಾದ ಅದೇ ಊರಿನಲ್ಲಿ. ಈ ತೀರ್ಮಾನದಿಂದ ಸುಮಾರು 25 ಕೋಟಿ ಡಾಲರ್ ವ್ಯಾಪಾರ ಹೋಯಿತು ಎಂದು ಸ್ಟ್ಯಾಕ್ ಅವರೇ ಆಮೇಲೆ ಹೇಳಿದರು. ದೊಡ್ಡ ಮೊತ್ತವೇ. ಆದರೆ ವರ್ಷಕ್ಕೆ 800 ಕೋಟಿ ಡಾಲರ್ ದಾಟಿ ಮಾರುವ ಅಂಗಡಿಗೆ ಅದು ನೂರಕ್ಕೆ ಮೂರು. ಶೂ, ಟೀಶರ್ಟ್, ಚೆಂಡು ಕೊಳ್ಳುವವರು ಬರುತ್ತಲೇ ಇದ್ದರು. 2019ರಲ್ಲಿ 125 ಮಳಿಗೆಗಳಿಂದ ಬಂದೂಕಿನ ವಿಭಾಗವನ್ನೇ ತೆಗೆದರು, ಮರುವರ್ಷ ಇನ್ನೂ 440 ಮಳಿಗೆಗಳಿಂದ.

ಬಹಿಷ್ಕಾರ ನಾಟುವುದು ಬಿಡುವುದು ಈ ಲೆಕ್ಕದ ಮೇಲೆ ನಿಂತಿದೆ. ಸ್ಮಿತ್ ಅಂಡ್ ವೆಸನ್ ಹೆಸರು ಕೇಳಿರುತ್ತೀರಿ. 2000ದ ಮಾರ್ಚ್‌ನಲ್ಲಿ ಈ ಕಂಪನಿ ಕ್ಲಿಂಟನ್ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು: ಪ್ರತಿ ಬಂದೂಕಿಗೂ ಬೀಗ, ತನ್ನ ಸರಕು ಮಾರುವ ಅಂಗಡಿಗಳಿಗೆ ಕಟ್ಟುನಿಟ್ಟಿನ ನಡವಳಿಕೆ. ಬಂದೂಕಿನವರು ಅದನ್ನು ಮನೆಮುರುಕತನ ಎಂದೇ ತಿಳಿದರು. ವ್ಯಾಪಾರ ನೆಲ ಕಚ್ಚಿತು. 1987ರಲ್ಲಿ 11.25 ಕೋಟಿ ಡಾಲರ್ ಕೊಟ್ಟು ಆ ಕಂಪನಿಯನ್ನು ಕೊಂಡಿದ್ದ ಬ್ರಿಟನ್ನಿನ ಟಾಮ್‌ಕಿನ್ಸ್, 2001ರಲ್ಲಿ ಅದನ್ನು 1.5 ಕೋಟಿಗೆ ಕೈದಾಟಿಸಿತು. ಕೊಳ್ಳುವವರೆಲ್ಲ ಬಂದೂಕಿನವರೇ ಆಗಿರುವ ಕಂಪನಿಗೆ ಅವರ ಮುನಿಸು ಪ್ರಾಣಕ್ಕೇ ಬರುತ್ತದೆ. ಹಾಲು, ಬ್ರೆಡ್ಡು, ಡೈಪರು ಮಾರುವವನಿಗೆ ಅದು ಸೊಳ್ಳೆ ಕಚ್ಚಿದಷ್ಟು.

ವಾಲ್‌ಮಾರ್ಟ್‌ನದ್ದು ಅಂಥ ಕಥೆ, ಆದರೆ ಅಲ್ಲಿ ಭಾವನೆಯ ಗಂಟು ಬೇರೆ. ಪಟ್ಟಣದಿಂದ ದೂರದ ಕೌಂಟಿಗಳಲ್ಲಿ ಎಷ್ಟೋ ಜನರ ಪಾಲಿಗೆ ವಾಲ್‌ಮಾರ್ಟೇ ಸಂತೆ. ಅಪ್ಪನ ಜತೆ ಹೋಗಿ ಮೊದಲ ಶಾಟ್‌ಗನ್ ಕೊಂಡದ್ದು ಅಲ್ಲೇ, ಮೀನಿನ ಲೈಸೆನ್ಸ್ ಮಾಡಿಸಿದ್ದು ಅಲ್ಲೇ. ವಿಂಚೆಸ್ಟರ್ ಕಂಪನಿಯ ಬಿಳಿ ಪೆಟ್ಟಿಗೆ, ನೈನ್ ಎಂಎಂ ಅಳತೆಯ ಪಿಸ್ತೂಲು ಗುಂಡು ನೂರಿರುವ ಪ್ಯಾಕು, ಗುರಿ ಅಭ್ಯಾಸ ಮಾಡುವವರಿಗೆಲ್ಲ ಪರಿಚಿತ. ನ್ಯೂಟೌನ್ ಘಟನೆಯ ಬೆನ್ನಿಗೆ ಸರ್ಕಾರ ಬಿಗಿ ಮಾಡುತ್ತದೆ ಎಂಬ ಗುಲ್ಲೆದ್ದು ಜನ ಮುಗಿಬಿದ್ದಾಗ, 2013ರ ಆರಂಭದಲ್ಲಿ ವಾಲ್‌ಮಾರ್ಟ್ ಒಬ್ಬರಿಗೆ ದಿನಕ್ಕೆ ಮೂರೇ ಪೆಟ್ಟಿಗೆ ಎಂದು ಕಟ್ಟು ಮಾಡಬೇಕಾಯಿತು. ನಮ್ಮಲ್ಲಿ ಸೀಮೆಎಣ್ಣೆಗೆ ಕ್ಯಾನು ಹಿಡಿದು ನಿಂತ ಹಾಗೆ, ಲಾರಿಯಿಂದ ಸರಕು ಇಳಿಯುವ ಹೊತ್ತಿಗೆ ಸಾಲು ನಿಲ್ಲುತ್ತಿದ್ದರು.

2019ರ ಆಗಸ್ಟ್ 3ರಂದು ಟೆಕ್ಸಸ್‌ನ ಎಲ್ ಪಾಸೋ ಊರಿನ ವಾಲ್‌ಮಾರ್ಟ್‌ನೊಳಗೇ ಒಬ್ಬ ಗುಂಡು ಹಾರಿಸಿ 20ಕ್ಕೂ ಹೆಚ್ಚು ಜನರನ್ನು ಕೊಂದ. ಐದೇ ದಿನಕ್ಕೆ ಮಿಸ್ಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 20 ವರ್ಷದವನೊಬ್ಬ ಗುಂಡುನಿರೋಧಕ ಅಂಗಿ ತೊಟ್ಟು, ರೈಫಲ್ ನೇತುಹಾಕಿಕೊಂಡು ವಾಲ್‌ಮಾರ್ಟ್‌ಗೆ ಬಂದ. ತನ್ನ ಹಕ್ಕನ್ನು ಮನ್ನಿಸುತ್ತಾರೋ ಇಲ್ಲವೋ ನೋಡೋಣ ಅಂತಂತೆ. ಜನ ದಿಕ್ಕಾಪಾಲಾಗಿ ಓಡಿದರು. ಅವನನ್ನು ತಡೆದು ನಿಲ್ಲಿಸಿದ್ದು ಪಿಸ್ತೂಲು ಇಟ್ಟುಕೊಂಡಿದ್ದ, ಡ್ಯೂಟಿಯಲ್ಲಿಲ್ಲದ ಒಬ್ಬ ಅಗ್ನಿಶಾಮಕ ನೌಕರ. ಸೆಪ್ಟೆಂಬರ್ 3ರಂದು ವಾಲ್‌ಮಾರ್ಟ್ ಮುಖ್ಯಸ್ಥ ಡಗ್ ಮ್ಯಾಕ್‌ಮಿಲನ್ ನೌಕರರಿಗೆ ಪತ್ರ ಬರೆದರು. ದಾಸ್ತಾನು ಮುಗಿದ ಮೇಲೆ ಪಿಸ್ತೂಲಿನ ಗುಂಡು ಮಾರುವುದಿಲ್ಲ; .223 ಮತ್ತು 5.56 ಅಳತೆಯ ರೈಫಲ್ ಗುಂಡೂ ಇಲ್ಲ. ಅಲಾಸ್ಕಾದಲ್ಲಿ ಉಳಿದಿದ್ದ ಪಿಸ್ತೂಲು ಮಾರಾಟವೂ ಬಂದ್. ಬೇರೆ ರಾಜ್ಯಗಳಲ್ಲಿ ಅದನ್ನು 1993ರಲ್ಲೇ ನಿಲ್ಲಿಸಿದ್ದರು. ಕಾಣುವಂತೆ ಬಂದೂಕು ಹಿಡಿದು ಒಳಗೆ ಬರಬೇಡಿ ಎಂದೂ ಕೇಳಿಕೊಂಡರು. ಕೇಳಿಕೊಂಡರು ಅಷ್ಟೇ, ಒಂದಿಂಚಿನ ಅಕ್ಷರದ ಕಟ್ಟಾಜ್ಞೆಯಲ್ಲ. ಪರವಾನಗಿ ಇದ್ದು ಅಂಗಿಯೊಳಗೆ ಇಟ್ಟುಕೊಂಡು ಬರುವವರಿಗೆ ಅಡ್ಡಿಯಿರಲಿಲ್ಲ. ಕಂಪನಿಯ ಅಂದಾಜಿನಂತೆ ದೇಶದ ಗುಂಡಿನ ಮಾರುಕಟ್ಟೆಯಲ್ಲಿ ಅದರ ಪಾಲು ನೂರಕ್ಕೆ 20ರ ಆಸುಪಾಸಿನಿಂದ 6ರಿಂದ 9ಕ್ಕೆ ಇಳಿಯುತ್ತಿತ್ತು.

ಆ ಪತ್ರವನ್ನು ಬಂದೂಕಿನವರು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಮೇಷ್ಟ್ರ ಹಾಗೆ ಓದಿದರು. ‘ಗಿಡ್ಡ ನಳಿಕೆಯ ರೈಫಲಿನ ಗುಂಡು’ ಎಂದು ಬರೆದಿತ್ತು; .223 ಹಾಗೆ ಗಿಡ್ಡ ನಳಿಕೆಗೆಂದು ಮಾಡಿದ ಗುಂಡಲ್ಲ, ಕಾಯೋಟಿ (ನರಿಯಂಥ ಪ್ರಾಣಿ), ಪ್ರೇರಿ ಡಾಗ್ (ಬಿಲ ತೋಡುವ ಅಳಿಲಿನ ಜಾತಿ) ಹೊಡೆಯುವ ಉದ್ದ ನಳಿಕೆಯ ರೈಫಲಿಗೂ ಅದೇ. ಮ್ಯಾಗಜೀನ್ ಎನ್ನಬೇಕಾದಲ್ಲಿ ‘ಕ್ಲಿಪ್’ (ಗುಂಡುಗಳನ್ನು ಸಾಲಾಗಿ ಹಿಡಿದಿಡುವ ಪಟ್ಟಿ) ಎಂದಿತ್ತು. ಎಲ್ ಪಾಸೋದಲ್ಲಿ ಬಳಸಿದ್ದು ಎಕೆ-47 ಮಾದರಿಯ ರೈಫಲ್. ಇವರು ನಿಲ್ಲಿಸಿದ ರೈಫಲ್ ಗುಂಡು ಅದಕ್ಕೆ ಕೂರುವುದೂ ಇಲ್ಲ. ಮಿಲಿಟರಿ ಮಾದರಿಯ ರೈಫಲ್ ಮಾರಾಟವನ್ನು ವಾಲ್‌ಮಾರ್ಟ್ 2015ರಲ್ಲೇ ಬಿಟ್ಟಿತ್ತು. ‘ನಮ್ಮ ವಿಷಯ ಗೊತ್ತಿಲ್ಲದವರು ನಮಗೆ ಬುದ್ಧಿ ಹೇಳುತ್ತಿದ್ದಾರೆ’ ಎಂಬುದೇ ಅವರ ಸಂಕಟದ ಸಾರ. ಬೈಕ್‌ಗೂ ಸ್ಕೂಟರ್‌ಗೂ ವ್ಯತ್ಯಾಸ ಗೊತ್ತಿಲ್ಲದವನು ಬೈಕ್ ಓಡಿಸುವವರಿಗೆ ನೀತಿ ಹೇಳಿದರೆ ಹೇಗಿರುತ್ತದೆ, ಹಾಗೆ. ಈ ವಾದದಲ್ಲಿ ಸತ್ಯ ಇದೆ ಎಂದು ನನಗನಿಸುತ್ತದೆ. ಆದರೆ ಪದ ತಪ್ಪಿತು ಎಂಬ ಮಾತ್ರಕ್ಕೆ ಅಂಗಡಿಯ ನೌಕರರ ಹೆದರಿಕೆ ಸುಳ್ಳಾಗುವುದಿಲ್ಲ. ಎಲ್ ಪಾಸೋಕ್ಕೆ ನಾಲ್ಕು ದಿನ ಮೊದಲು ಮಿಸಿಸಿಪ್ಪಿಯ ಸೌತ್‌ಹೇವನ್ ಮಳಿಗೆಯಲ್ಲಿ ವಾಲ್‌ಮಾರ್ಟ್‌ನ ಇಬ್ಬರು ನೌಕರರು ಗುಂಡೇಟಿಗೆ ಸತ್ತಿದ್ದರು.

ಎಲ್ಲ ಬಂದೂಕಿನವರೂ ಒಂದೇ ಬಾಯಲ್ಲಿ ಮಾತಾಡುತ್ತಾರೆ ಎಂದುಕೊಳ್ಳಬೇಡಿ. ವರ್ಷಕ್ಕೊಮ್ಮೆ ಜಿಂಕೆ ಬೇಟೆಗೆ ಹೋಗುವವನಿಗೆ ಬೇಕಾದ ಗುಂಡು ವಾಲ್‌ಮಾರ್ಟ್‌ನಲ್ಲಿ ಆಮೇಲೂ ಸಿಗುತ್ತಿತ್ತು; ಅವನು ಹೆಗಲು ಕುಣಿಸಿ ಸುಮ್ಮನಾದ. ಊರಿನ ಸಣ್ಣ ಬಂದೂಕಿನಂಗಡಿಯವನು ಒಳಗೊಳಗೇ ಖುಷಿಪಟ್ಟ, ಅವನ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದದ್ದು ಈ ದೊಡ್ಡ ಅಂಗಡಿಯ ಅಗ್ಗದ ದರವೇ ತಾನೇ. ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಮೆರೆಯುವವರಿಂದಲೇ ನಮಗೆಲ್ಲ ಕೆಟ್ಟ ಹೆಸರು ಎಂದು ಬೈಯುವ ಬಂದೂಕಿನವರಿಗೂ ಬರವಿಲ್ಲ. ಸ್ಟಾರ್‌ಬಕ್ಸ್ ಕಾಫಿ ಅಂಗಡಿಯ ಪ್ರಕರಣವೇ ಇದಕ್ಕೆ ಸಾಕ್ಷಿ. ಆಯಾ ಊರಿನ ಕಾನೂನು ಒಪ್ಪಿದರೆ ನಮ್ಮದೇನೂ ತಕರಾರಿಲ್ಲ ಎಂದಿದ್ದ ಕಂಪನಿ ಅದು. ಅದನ್ನು ಮೆಚ್ಚಿ ಬಂದೂಕಿನವರು 2012ರ ಫೆಬ್ರವರಿ 14ರಂದು ಎರಡು ಡಾಲರ್ ನೋಟು ಕೊಟ್ಟೇ ಕಾಫಿ ಕುಡಿಯೋಣ ಎಂದು ಕರೆ ಕೊಟ್ಟರು. ಅಪರೂಪದ ನೋಟು, ಎರಡನೇ ತಿದ್ದುಪಡಿಯ ಗುರುತು. ಗಲ್ಲಾಪೆಟ್ಟಿಗೆ ನೋಡಿದವರಿಗೆ ಯಾರ ದುಡ್ಡು ಎಂದು ತಿಳಿಯಬೇಕಲ್ಲ! ಮರುವರ್ಷ ಕೆಲವರು ನ್ಯೂಟೌನ್‌ನ ಸ್ಟಾರ್‌ಬಕ್ಸ್‌ಗೇ ಹೀಗೆ ಮೆಚ್ಚುಗೆ ಸೂಚಿಸಲು ಹೊರಟರು. ಆ ಮಳಿಗೆ ಅವತ್ತು ಬೇಗ ಬಾಗಿಲು ಹಾಕಿತು. ಮುಂದಿನ ತಿಂಗಳೇ, 2013ರ ಸೆಪ್ಟೆಂಬರ್‌ನಲ್ಲಿ, ಬಂದೂಕು ತರಬೇಡಿ ಎಂದು ಕಂಪನಿಯ ಮುಖ್ಯಸ್ಥ ಹೊವರ್ಡ್ ಶುಲ್ಟ್ಸ್ ಬಹಿರಂಗ ಪತ್ರ ಬರೆದರು. ಅಪ್ಪಿಕೊಳ್ಳಲು ಹೋಗಿ ಉಸಿರುಗಟ್ಟಿಸಿದ ಹಾಗಾಯಿತು.

ಜೇಬಿನಿಂದ ಬಗ್ಗದವರನ್ನು ಬಗ್ಗಿಸಲು ಶಾಸನಸಭೆ ಇದೆ. ಡೆಲ್ಟಾ ವಿಮಾನ ಕಂಪನಿ 2018ರಲ್ಲಿ ಬಂದೂಕಿನವರ ದೊಡ್ಡ ಸಂಘಟನೆಯಾದ ಎನ್‌ಆರ್‌ಎ ಸದಸ್ಯರಿಗೆ ಕೊಡುತ್ತಿದ್ದ ರಿಯಾಯಿತಿ ನಿಲ್ಲಿಸಿದ್ದಕ್ಕೆ ಜಾರ್ಜಿಯಾದ ಶಾಸಕರು ವಿಮಾನ ಇಂಧನದ ಕೋಟ್ಯಂತರ ಡಾಲರ್ ತೆರಿಗೆ ವಿನಾಯಿತಿಯನ್ನು ಮಸೂದೆಯಿಂದ ಕಿತ್ತರು. ಆ ರಿಯಾಯಿತಿಯಲ್ಲಿ ಮಾರಾಟವಾಗಿದ್ದ ಟಿಕೆಟ್ 13! 2021ರಲ್ಲಿ ಟೆಕ್ಸಸ್, ಬಂದೂಕು ಉದ್ಯಮಕ್ಕೆ ಭೇದ ಮಾಡುವ ಕಂಪನಿಗಳಿಗೆ ಸರ್ಕಾರಿ ಗುತ್ತಿಗೆ ಇಲ್ಲವೆಂದು ಕಾನೂನು ಮಾಡಿತು. ವ್ಯಾಪಾರಿ ತನಗೆ ಬೇಕಾದ್ದನ್ನು ಮಾರಲಿ, ಸರ್ಕಾರ ಮೂಗು ತೂರಿಸಬಾರದು ಎನ್ನುತ್ತಿದ್ದವರೇ ಇವರು ಎಂಬುದನ್ನು ಗಮನಿಸಿ.

ನಮ್ಮ ಮಲೆನಾಡಿನ ಕೋವಿಯವರಿಗೆ ಇದೆಲ್ಲ ವಿಚಿತ್ರವಾಗಿ ಕಾಣಬಹುದು. ಇಲ್ಲಿ ಎಷ್ಟು ತೋಟೆ ಕೊಳ್ಳಬಹುದು ಎಂಬುದು ಲೈಸೆನ್ಸಿನಲ್ಲೇ ಇರುತ್ತದೆ. ಚುನಾವಣೆ ಬಂತೆಂದರೆ ಮಂಗ ಓಡಿಸಲು ಇಟ್ಟುಕೊಂಡ ಒಂಟಿನಳಿಗೆಯನ್ನೂ ಠಾಣೆಗೆ ಒಪ್ಪಿಸಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರವರೆಗೆ. ಅದೂ ಸರ್ಕಾರವೇ ಕೊಟ್ಟದ್ದು. ಅಂಗಡಿಯವನಿಗೆ ಸ್ವಂತ ನೀತಿ ಅಂತ ಇರಲು ಜಾಗವೇ ಇಲ್ಲ. ಸಿಟ್ಟು ಬಂದರೆ ಅದು ಹೋಗುವುದು ಠಾಣೆ, ಡಿಸಿ ಕಚೇರಿಯ ಕಡೆಗೆ.

ಕೊನೆಗೊಂದು ಮಾತು, ನಿಮ್ಮ ಅಳಿಯಂದಿರ ಸಲುವಾಗಿ. ಅವರು ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿದ್ದರೆ ಯಾವ ಅಂಗಡಿಯ ನೀತಿ ಏನೇ ಇರಲಿ, ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಕೇಂದ್ರದ ಕಾನೂನೇ ನಿಷೇಧಿಸುತ್ತದೆ. ಅದಕ್ಕಿರುವ ಕೆಲವು ವಿನಾಯಿತಿಗಳಲ್ಲಿ ಒಂದು, ಅಲ್ಲಿನ ರಾಜ್ಯವೊಂದು ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಗ್ರೀನ್ ಕಾರ್ಡ್ ಆಗಿದ್ದರೆ ಈ ತಡೆ ಇಲ್ಲ. ಬಂದೂಕು ಕೊಳ್ಳುವಾಗ ತುಂಬಿಸುವ 4473 ಎಂಬ ನಮೂನೆಯಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಕೇಳಿರುತ್ತಾರೆ. ಅಲ್ಲಿ ಸುಳ್ಳು ಬರೆದರೆ ಅದು ಕೇಂದ್ರ ಅಪರಾಧ, ವೀಸಾಕ್ಕೂ ಕುತ್ತು.