ಸ್ಮಾರ್ಟ್ ಟಿವಿ ಬಂದ ಮೇಲೆ ಮುಖ್ಯ ಶಿಕ್ಷಕರ ಕೆಲಸ

ಉಡುಪಿ, ಮಂಗಳೂರು ಕಡೆ ಶಾಲೆಗೆ ಟಿವಿ ಕೊಡಿಸುವ ದಾನಿಗಳಿಗೆ, ಹಳೆ ವಿದ್ಯಾರ್ಥಿಗಳಿಗೆ ಬರವಿಲ್ಲ. ಅದನ್ನು ಎಲ್ಲಿ ಹಾಕಬೇಕು, ಯಾವ ಪಾಠಕ್ಕೆ ಬಳಸಬೇಕು ಎನ್ನುವುದು ಮಾತ್ರ ಮುಖ್ಯ ಶಿಕ್ಷಕರ ತಲೆಗೇ ಬರುತ್ತದೆ.

ಮೊದಲು ಗೋಡೆ. ನಮ್ಮಲ್ಲಿ ಮಳೆ ಪಡುವಣದಿಂದ ಹೊಡೆಯುತ್ತದೆ, ಜೂನ್ ಬಂತೆಂದರೆ ಆ ಬದಿಯ ಗೋಡೆ ತೇವ ಕುಡಿಯುತ್ತದೆ. ಅಲ್ಲಿ ಟಿವಿ ಬೇಡ. ಕಿಟಕಿಯ ಎದುರೂ ಬೇಡ, ಪರದೆ ಕನ್ನಡಿಯಾಗುತ್ತದೆ. ನಲಿ-ಕಲಿ (ಒಂದರಿಂದ ಮೂರನೇ ತರಗತಿ) ಮಕ್ಕಳು ನೆಲದ ಮೇಲೆ ಕೂರುವವರು. ಪರದೆಯ ಕೆಳ ಅಂಚು ಮೂರು ಅಡಿ ಎತ್ತರದಲ್ಲಿದ್ದರೆ ಸಾಕು. 43 ಇಂಚಿನ ಟಿವಿಯಾದರೆ ಕೊನೆಯ ಸಾಲು 12 ಅಡಿಯೊಳಗಿರಲಿ.

ಟಿವಿ ಹಾಳಾಗುವುದು ಹೆಚ್ಚಾಗಿ ಕರೆಂಟಿನಿಂದ. ಮುರಕಲ್ಲಿನ (ಜಂಬಿಟ್ಟಿಗೆ) ನೆಲ ಬೇಸಗೆಯಲ್ಲಿ ಒಣಗಿದರೆ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆ, ದುರ್ಬಲವಾಗುತ್ತದೆ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದು ನ್ಯೂಟ್ರಲ್ ಮತ್ತು ಅರ್ಥ್ ನಡುವೆ ನೋಡಲಿ. 5 ವೋಲ್ಟ್ ದಾಟಿದ್ದರೆ ಮೊದಲು ಅದನ್ನು ಸರಿಪಡಿಸಿ, ಟಿವಿ ಆಮೇಲೆ. ಏಪ್ರಿಲ್-ಮೇ ತಿಂಗಳ ಸಿಡಿಲು ಬಡಿಯುವುದು ಶಾಲೆಗೆ ಬೀಗ ಬಿದ್ದಿರುವಾಗ. ರಜೆಗೆ ಮುಂಚೆ ಪ್ಲಗ್ ಜೊತೆಗೆ ಡಿಶ್, ಇಂಟರ್‌ನೆಟ್ ಕೇಬಲ್‌ಗಳನ್ನೂ ಕಳಚಿಡಿ. ಸ್ವಿಚ್ ಆರಿಸಿದ್ದು ಲೆಕ್ಕಕ್ಕಿಲ್ಲ, ಸ್ವಿಚ್ಚಿನೊಳಗಿನ ಆ ಚೂರು ಅಂತರವನ್ನು ಸಿಡಿಲು ಸಲೀಸಾಗಿ ದಾಟುತ್ತದೆ. ಮಳೆಗಾಲದಲ್ಲಿ ದಿನಾ ಅರ್ಧ ಗಂಟೆಯಾದರೂ ಟಿವಿ ಓಡಲಿ, ಒಳಗಿನ ತೇವ ಆರುತ್ತದೆ.

ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದರೆ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಪಾಠ ತೆರೆಯುತ್ತದೆ. ತರಗತಿಯಲ್ಲಿ ನಿಂತು ನೆಟ್‌ವರ್ಕ್ ಕಾಯಬೇಡಿ, ಹಿಂದಿನ ಸಂಜೆಯೇ ಡೌನ್‌ಲೋಡ್ ಮಾಡಿಡಿ. ಅದು ಆ್ಯಪ್‌ನೊಳಗೇ ಉಳಿಯುವುದರಿಂದ ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿದರೆ ಓಡುವುದಿಲ್ಲ. ಮೊಬೈಲ್ ಪರದೆಯನ್ನೇ ಟಿವಿಗೆ ಕಾಸ್ಟ್ ಮಾಡಬೇಕು, ಅಂದರೆ ತಂತಿಯಿಲ್ಲದೆ ಟಿವಿಯಲ್ಲಿ ಮೂಡಿಸಬೇಕು. ಬೇರೆ ಕಡೆಯಿಂದ ತಂದ ವಿಡಿಯೊದಲ್ಲಿ ಸದ್ದು ಬಂದು ಚಿತ್ರ ಬಾರದಿದ್ದರೆ ಟಿವಿ ಕೆಟ್ಟಿತೆಂದು ಗಾಬರಿ ಬೇಡ. ಹಳೆ ಟಿವಿಗಳಿಗೆ ಎಚ್.265 ಎಂಬ ಹೊಸ ಬಗೆಯ ವಿಡಿಯೊ ಅರ್ಥವಾಗುವುದಿಲ್ಲ, ಹಳೆ ಬಗೆಯಾದ ಎಚ್.264ಕ್ಕೆ ಬದಲಿಸಿಕೊಳ್ಳಿ.

ಆರೇಳು ನಿಮಿಷಕ್ಕಿಂತ ಹೆಚ್ಚು ತೋರಿಸಬೇಡಿ. ನಡುವೆ ಎರಡು ಕಡೆ ನಿಲ್ಲಿಸಿ, 'ಇನ್ನೇನಾಗಬಹುದು?' ಎಂದು ಕೇಳಬೇಕು. ನಿಲ್ಲಿಸುವ ಜಾಗವನ್ನು ಶಿಕ್ಷಕರು ಪಾಠ ಯೋಜನೆಯಲ್ಲೇ ಬರೆದಿರಲಿ; ಮುಖ್ಯ ಶಿಕ್ಷಕರು ನೋಡಿ ಸಹಿ ಹಾಕಬೇಕಾದ್ದು ಆ ಸಾಲಿಗೆ. ಟಿವಿ ಎಷ್ಟು ಗಂಟೆ ಓಡಿತೆಂಬ ವರದಿ ಯಾರಿಗೂ ಪ್ರಯೋಜನವಿಲ್ಲ.

ನಿಜ ಹೇಳಬೇಕೆಂದರೆ, ಟಿವಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಮೊಬೈಲಿನ ವಾಯ್ಸ್ ರೆಕಾರ್ಡರ್. ಮಕ್ಕಳಿಗೆ ಓದು, ಲೆಕ್ಕದ ಬುನಾದಿ ಹಾಕಲು ಕೇಂದ್ರ ಸರ್ಕಾರ 2021ರಲ್ಲಿ ಶುರುಮಾಡಿದ ನಿಪುಣ್ ಭಾರತ್ ಯೋಜನೆಯ ಪ್ರಕಾರ ಮೂರನೇ ತರಗತಿ ಮುಗಿಯುವಾಗ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ತಿಳಿದು ಓದಬೇಕು. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಆಡುವ ಮಗು ಎಲ್ಲಿ ತಡವರಿಸುತ್ತದೆ ಎಂಬುದು ಗುಂಪಿನ ಓದಿನಲ್ಲಿ ಮುಚ್ಚಿಹೋಗುತ್ತದೆ. ಹಾಗಾಗಿ ಒಬ್ಬೊಬ್ಬರ ಓದನ್ನೇ ರೆಕಾರ್ಡ್ ಮಾಡಿ: ದಿನಕ್ಕೆ ಆರು ಮಕ್ಕಳಂತೆ, ಒಬ್ಬೊಬ್ಬರಿಗೆ ಒಂದು ನಿಮಿಷ. 30 ಮಕ್ಕಳ ತರಗತಿ ಐದು ದಿನಕ್ಕೆ ಮುಗಿಯುತ್ತದೆ. ಹಿಂದೆ ಓದಿರದ ಭಾಗ ಕೊಡಿ, ಇಲ್ಲದಿದ್ದರೆ ಬಾಯಿಪಾಠ ಒಪ್ಪಿಸುತ್ತಾರೆ. ಓದಿದ ಪದಗಳಲ್ಲಿ ತಪ್ಪಿದ್ದನ್ನು ಕಳೆದು ಬರೆದುಕೊಳ್ಳಿ, ಓದಿದ್ದರ ಮೇಲೆ ಎರಡು ಪ್ರಶ್ನೆ ಕೇಳಿ. ಎರಡು ತಿಂಗಳಿಗೊಮ್ಮೆ ಹಳೆಯ, ಹೊಸ ರೆಕಾರ್ಡಿಂಗ್ ಎರಡನ್ನೂ ಜೊತೆಗಿಟ್ಟು ಕೇಳಿದರೆ ಮಗು ಸಿಕ್ಕಿಕೊಂಡಿರುವುದು ಒತ್ತಕ್ಷರದಲ್ಲೋ ಮಹಾಪ್ರಾಣದಲ್ಲೋ ಗೊತ್ತಾಗುತ್ತದೆ. ಫೈಲಿಗೆ ಹೆಸರಿನ ಬದಲು ಹಾಜರಿ ಸಂಖ್ಯೆ ಹಾಕಿ. ಪೋಷಕರ ವಾಟ್ಸಾಪ್ ಗುಂಪಿಗೆ ಮಾತ್ರ ಅದು ಹೋಗಕೂಡದು. ತಂದೆ-ತಾಯಿ ಬಂದರೆ ಅವರವರ ಮಗುವಿನದ್ದನ್ನು ಶಾಲೆಯಲ್ಲೇ ಕೇಳಿಸಿ.