ಪೂಲ್ ಹಾಲ್ ಆಫ್ ಫೇಮ್: ಗೆದ್ದರೆ ಸಾಕಾ, ಗೆದ್ದಿದ್ದನ್ನು ಯಾರಾದರೂ ಬರೆದಿಟ್ಟಿರಬೇಕಾ?

ಎರಡು ಹೆಸರುಗಳಿಂದ ಶುರು ಮಾಡೋಣ, ಗೋಜಲು ಎಲ್ಲಿದೆ ಅಂತ ಬೇಗ ಗೊತ್ತಾಗುತ್ತದೆ.

ಮೊದಲನೆಯದು ರುಡಾಲ್ಫ್ ವಾಂಡರೋನ್. ‘ಮಿನೆಸೋಟ ಫ್ಯಾಟ್ಸ್’ ಅಂದರೆ ಅಮೆರಿಕದಲ್ಲಿ ಪೂಲ್ ಆಡುವ ಕೋಲು (ಕ್ಯೂ) ಕೈಲಿ ಹಿಡಿಯದವರಿಗೂ ಗೊತ್ತಿದ್ದ ಮನುಷ್ಯ. ದೊಡ್ಡ ಟೂರ್ನಿ ಅಂತ ಒಂದನ್ನೂ ಗೆದ್ದವರಲ್ಲ. 1984ರಲ್ಲಿ ಪೂಲ್‌ನ ಹಾಲ್ ಆಫ್ ಫೇಮ್, ಅಂದರೆ ಆಟದ ದೊಡ್ಡವರ ಗೌರವ ಪಟ್ಟಿ, ಸೇರಿದರು. ಎರಡನೆಯದು ಸಿಸೆರೊ ಮರ್ಫಿ. 1965ರಲ್ಲಿ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ ನಡೆದ ವರ್ಲ್ಡ್ ಇನ್ವಿಟೇಶನಲ್ ಟೂರ್ನಿಯನ್ನು ಮೊದಲ ಸಲ ಆಡಿ, ಮೊದಲ ಸಲವೇ ಗೆದ್ದವರು. ಅವರ ಸರದಿ ಬಂದಿದ್ದು 1995ಕ್ಕೆ. ಮರುವರ್ಷ ತೀರಿಕೊಂಡರು.

ಇಬ್ಬರೂ ಸೇರಿದ್ದು ಒಂದೇ ಹಾಲ್ ಆಫ್ ಫೇಮ್. ಹಾಗಾದರೆ ಇಲ್ಲಿ ಜಾಗ ಸಿಗೋದು ಯಾವ ಲೆಕ್ಕದಲ್ಲಿ? ಪ್ರತಿ ವರ್ಷ ಹೊಸ ಹೆಸರು ಹೊರಬಿದ್ದಾಗ ಪೂಲ್ ಮಂದಿ ಕಿತ್ತಾಡೋದು ಇದಕ್ಕೇ. (ಪಂಕಜ್ ಅಡ್ವಾಣಿ ಪುಣ್ಯದಿಂದ ನಮಗೆ ಸ್ನೂಕರ್, ಇಂಗ್ಲಿಷ್ ಬಿಲಿಯರ್ಡ್ಸ್ ಎರಡೂ ಗೊತ್ತು. ಇಲ್ಲಿ ಹೇಳುತ್ತಿರೋದು ಅವೆರಡನ್ನೂ ಅಲ್ಲ. ಇದು ಚಿಕ್ಕ ಟೇಬಲ್ಲಿನ, ಅಗಲ ಪಾಕೆಟ್ಟಿನ ಅಮೆರಿಕನ್ ಪೂಲ್.)

ಹಾಲ್ ಆಫ್ ಫೇಮ್ ನಡೆಸೋದು ಬಿಲಿಯರ್ಡ್ ಕಾಂಗ್ರೆಸ್ ಆಫ್ ಅಮೆರಿಕ, ಚಿಕ್ಕದಾಗಿ ಬಿಸಿಎ. 1948ರಲ್ಲಿ ಹುಟ್ಟಿದ ಸಂಸ್ಥೆ. ಟೇಬಲ್, ಕ್ಯೂ, ಬಾಲ್ ಮಾಡುವ ಮತ್ತು ಮಾರುವ ಕಂಪನಿಗಳ ಸಂಘವೂ ಇದೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1966ರಲ್ಲಿ ಮೊದಲ ಮೂವರನ್ನು ಆರಿಸಿದರು. ರಾಲ್ಫ್ ಗ್ರೀನ್‌ಲೀಫ್ ಬಗ್ಗೆ ಯಾರ ತಕರಾರೂ ಇರಲಿಲ್ಲ, 1919ರಿಂದ ಸುಮಾರು ಎರಡು ದಶಕ ಪೂಲ್ ಅಂದರೆ ಅವರೇ. ಇನ್ನೊಬ್ಬರು ವಿಲ್ಲಿ ಹಾಪ್ಪಿ. ಅವರು ದೊಡ್ಡವರೇ, ಆದರೆ ಹೆಸರು ಮಾಡಿದ್ದು ಕ್ಯಾರಮ್ ಬಿಲಿಯರ್ಡ್ಸ್‌ನಲ್ಲಿ, ಆ ಟೇಬಲ್ಲಿಗೆ ಪಾಕೆಟ್ಟೇ ಇರಲ್ಲ. ಮೂರನೆಯವರು ಚಾರ್ಲ್ಸ್ ಪೀಟರ್ಸನ್, ಕಾಲೇಜಿಂದ ಕಾಲೇಜಿಗೆ ಹೋಗಿ ಟ್ರಿಕ್ ಶಾಟ್ ತೋರಿಸಿ ಹುಡುಗರಿಗೆ ಆಟದ ಹುಚ್ಚು ಹಿಡಿಸಿದವರು. ಅಂದರೆ ಮೊದಲ ವರ್ಷದಿಂದಲೇ ಮೂರು ಬೇರೆ ಬೇರೆ ಅಳತೆಗೋಲು. ಬೆರಕೆ ಆಮೇಲೆ ಆಯ್ತು ಅಂತ ದೂರುವವರು ಈ ಮೂರು ಹೆಸರನ್ನು ಒಮ್ಮೆ ನೋಡಬೇಕು.

ಆಮೇಲೆ ಎರಡು ಸಾಲು ಮಾಡಿದರು. ಒಂದು ‘ಗ್ರೇಟೆಸ್ಟ್ ಪ್ಲೇಯರ್ಸ್’, ಆಡಿ ಗೆದ್ದವರಿಗೆ. ಇನ್ನೊಂದು ‘ಮೆರಿಟೋರಿಯಸ್ ಸರ್ವಿಸ್’, ಆಟಕ್ಕೆ ಬೇರೆ ರೀತಿಯಲ್ಲಿ ಉಪಕಾರ ಮಾಡಿದವರಿಗೆ. ಕಾಗದದ ಮೇಲೆ ಚೊಕ್ಕವಾಗಿದೆ, ಅಲ್ವಾ?

ಗೆಲುವು ಅಂದರೆ ಏನು ಅನ್ನೋದರಲ್ಲೇ ಮೊದಲ ತೊಡಕು. ವಿಲ್ಲಿ ಮೊಸ್ಕೋನಿಯನ್ನೇ ತಗೊಳ್ಳಿ. 1941ರಿಂದ 1957ರೊಳಗೆ 15 ಸಲ ವಿಶ್ವ ಚಾಂಪಿಯನ್, 1968ರಲ್ಲಿ ಹಾಲ್ ಆಫ್ ಫೇಮ್. ಆದರೆ ಇವತ್ತಿಗೂ ಜನ ಅವರನ್ನು ನೆನೆಯೋದು ಆ 15 ಟೈಟಲ್‌ಗಾಗಿ ಅಲ್ಲ, ಒಂದೂ ತಪ್ಪದೆ ಸತತವಾಗಿ ಹಾಕಿದ 526 ಬಾಲ್‌ಗೆ. ಅವರಾಡುತ್ತಿದ್ದ ಆಟ ಸ್ಟ್ರೇಟ್ ಪೂಲ್. ಯಾವ ಬಾಲ್, ಯಾವ ಪಾಕೆಟ್ ಅಂತ ಮೊದಲೇ ಹೇಳಿ ಹಾಕಬೇಕು, ಹಾಕಿದ ಒಂದೊಂದಕ್ಕೂ ಒಂದು ಪಾಯಿಂಟು. 15 ಬಾಲ್‌ಗಳಲ್ಲಿ 14 ಹಾಕಿದ ಮೇಲೆ ಒಂದನ್ನು ಇದ್ದಲ್ಲೇ ಬಿಟ್ಟು, ಆ 14ನ್ನು ಮತ್ತೆ ತ್ರಿಕೋನದಲ್ಲಿ ಜೋಡಿಸುತ್ತಾರೆ. ಈಗ ಉಳಿದ ಆ ಒಂದನ್ನು ಪಾಕೆಟ್ಟಿಗೆ ಹಾಕುತ್ತಲೇ ಕ್ಯೂ ಬಾಲ್, ಅಂದರೆ ಕೋಲಿಂದ ಹೊಡೆಯುವ ಬಿಳಿ ಬಾಲ್, ಹೋಗಿ ಆ ತ್ರಿಕೋನದ ರ‍್ಯಾಕ್ ಒಡೆಯಬೇಕು. ಒಡೆಯದಿದ್ದರೆ ಮುಂದಕ್ಕೆ ದಾರಿ ಇಲ್ಲ. ಜಾಸ್ತಿ ಒಡೆದರೆ ಬಿಳಿ ಬಾಲ್ ಎಲ್ಲಿ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೋ ಹೇಳಕ್ಕಾಗಲ್ಲ. 526 ಅಂದರೆ ಈ ಕೆಲಸವನ್ನು ಒಂದೂ ತಪ್ಪದೆ 37 ಸಲ ಮಾಡಬೇಕು.

1954ರ ಮಾರ್ಚ್‌ನಲ್ಲಿ ಒಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮೊಸ್ಕೋನಿ ಅದನ್ನು ಮಾಡಿದರು. ಅದು ಟೂರ್ನಿ ಪಂದ್ಯ ಆಗಿರಲಿಲ್ಲ, 200 ಪಾಯಿಂಟಿನ ಪ್ರದರ್ಶನ ಆಟ. 200 ಮುಟ್ಟಿದ ಮೇಲೂ ಸುಮ್ನೆ ಆಡುತ್ತಲೇ ಹೋದರು. ಟೇಬಲ್ ಕೂಡ ಟೂರ್ನಿಯ 9 ಅಡಿಯದ್ದಲ್ಲ, 8 ಅಡಿಯದ್ದು. ನೋಡುತ್ತಿದ್ದವರು ಹೌದು ಕಣ್ಣಾರೆ ಕಂಡಿದ್ದೀವಿ ಅಂತ ಸಹಿ ಹಾಕಿದ ಕಾಗದವೇ ಸಾಕ್ಷಿ. ಇಷ್ಟೆಲ್ಲ ‘ಆದರೆ’ಗಳಿದ್ದರೂ 60 ವರ್ಷಕ್ಕೂ ಹೆಚ್ಚು ಕಾಲ ಆ ಅಂಕಿಯೇ ಪೂಲ್‌ನ ಶಿಖರ. 2019ರಲ್ಲಿ ಜಾನ್ ಸ್ಮಿಟ್ 9 ಅಡಿ ಟೇಬಲ್ ಮೇಲೆ, ಕ್ಯಾಮೆರಾ ಇಟ್ಟುಕೊಂಡು 626 ಹೊಡೆದಾಗ ಅದಕ್ಕೂ ಅನುಮಾನ ಪಟ್ಟವರಿದ್ದರು. 2022ರ ಜನವರಿಯಲ್ಲಿ ಜೇಸನ್ ಶಾ 714ಕ್ಕೆ ಹೋದರು. ಸಹಿ ಮಾಡಿದ ಕಾಗದ ನಂಬುವವರು ವಿಡಿಯೊ ನಂಬಲ್ಲ ಅಂದರೆ ನಗು ಬರುತ್ತದೆ.

ಅರವತ್ತರ ದಶಕ ಎಲ್ಲಕ್ಕಿಂತ ರಂಗಾಗಿದೆ, ಸ್ವಲ್ಪ ಹೊತ್ತು ಅಲ್ಲೇ ಇರೋಣ. 1961ರಲ್ಲಿ ಪೂಲ್ ಬಗ್ಗೆ ಒಂದು ಹಾಲಿವುಡ್ ಸಿನಿಮಾ ಬಂತು, ಅದರಲ್ಲಿ ಮಿನೆಸೋಟ ಫ್ಯಾಟ್ಸ್ ಅನ್ನೋ ಪಾತ್ರ ಇತ್ತು. ಅಲ್ಲಿಯವರೆಗೆ ‘ನ್ಯೂಯಾರ್ಕ್ ಫ್ಯಾಟ್ಸ್’ ಅಂತ ಕರೆಸಿಕೊಳ್ಳುತ್ತಿದ್ದ ವಾಂಡರೋನ್, ಆ ಪಾತ್ರ ನಾನೇ ಅಂದರು. ಕಥೆ ಬರೆದವರು ಅಲ್ಲ ಅಂದರೂ ಕೇಳುವವರು ಯಾರು? ಜನಕ್ಕೆ ಫ್ಯಾಟ್ಸ್ ಇಷ್ಟವಾಗಿಬಿಟ್ಟಿದ್ದರು. ಮಾತಿನಲ್ಲಿ ಅವರನ್ನು ಸೋಲಿಸಲು ಆಗುತ್ತಿರಲಿಲ್ಲ. ಆ ಸಿನಿಮಾಕ್ಕೆ ಆಟ ಹೇಳಿಕೊಟ್ಟಿದ್ದೇ ಮೊಸ್ಕೋನಿ, ಅವರಿಗೆ ಮೈಯೆಲ್ಲ ಉರಿ. ಕೋಟು, ಟೈ, ಶಿಸ್ತು ಅಂತ ಪೂಲ್‌ಗೆ ಮರ್ಯಾದೆ ತರಲು ಜೀವ ತೇದವರು ಅವರು. 1978ರಲ್ಲಿ ಇಬ್ಬರನ್ನೂ ಟಿವಿ ಮುಂದೆ ಆಡಿಸಿದರು. ಮೊಸ್ಕೋನಿ ಸಲೀಸಾಗಿ ಗೆದ್ದರು. ಆದರೆ ಆ ರಾತ್ರಿ ಮನೆಮನೆಯಲ್ಲಿ ಜಾಸ್ತಿ ಮಾತಾಡಿಸಿಕೊಂಡಿದ್ದು ಫ್ಯಾಟ್ಸ್ ಅಂದರೆ ಆಶ್ಚರ್ಯವಿಲ್ಲ.

ಆರು ವರ್ಷದ ಮೇಲೆ ಫ್ಯಾಟ್ಸ್ ಒಳಗೆ ಬಂದಿದ್ದು ಸೇವೆಯ ಸಾಲಿನಿಂದ. ಟೇಬಲ್ ಮಾರುವವರ ಸಂಘಕ್ಕೆ, ಇಡೀ ದೇಶವನ್ನು ಟೇಬಲ್ ಕಡೆಗೆ ತಿರುಗಿಸಿದ ಮನುಷ್ಯ ಸೇವೆ ಮಾಡಿಲ್ಲ ಅಂತ ಹೇಳೋಕಾಗುತ್ತಾ? ನನಗಂತೂ ಇದರಲ್ಲಿ ತಪ್ಪು ಕಾಣಲ್ಲ. ತಲೆ ಕೆಡೋದು ಇನ್ನೊಂದು ಕಡೆ.

ಅದೇ 1961ರಲ್ಲಿ, ದಕ್ಷಿಣ ಇಲಿನಾಯ್‌ನ ಜಾನ್‌ಸ್ಟನ್ ಸಿಟಿ ಅನ್ನೋ ಪುಟ್ಟ ಊರಲ್ಲಿ ಜ್ಯಾನ್ಸ್ಕೊ ಸಹೋದರರು ಒಂದು ಟೂರ್ನಿ ಶುರು ಮಾಡಿದರು. ದೇಶದ ಮೂಲೆಮೂಲೆಯಿಂದ ಬಾಜಿ ಆಟಗಾರರು ಬಂದರು. ನೈನ್ ಬಾಲ್ (1ರಿಂದ 9ರವರೆಗಿನ ಬಾಲ್‌ಗಳ ಆಟ, 9 ಹಾಕಿದವನು ಗೆದ್ದ), ಸ್ಟ್ರೇಟ್ ಪೂಲ್, ಜೊತೆಗೆ ಒನ್ ಪಾಕೆಟ್. ಒನ್ ಪಾಕೆಟ್ ಅಂದರೆ ಒಬ್ಬೊಬ್ಬನಿಗೂ ತನ್ನದೇ ಒಂದು ಮೂಲೆ ಪಾಕೆಟ್, ಅದರಲ್ಲಿ ಬಿದ್ದದ್ದು ಮಾತ್ರ ಲೆಕ್ಕ. ಹಾಕೋದಕ್ಕಿಂತ ಎದುರಿನವನಿಗೆ ಹಾಕಲು ಬಿಡದಿರೋದೇ ದೊಡ್ಡ ವಿದ್ಯೆ. ಹಗಲು ಟೂರ್ನಿ ನಡೆಯುತ್ತಿತ್ತು. ನಿಜವಾದ ದುಡ್ಡು ಕೈ ಬದಲಾಗುತ್ತಿದ್ದದ್ದು ರಾತ್ರಿ, ಟೂರ್ನಿ ಮುಗಿದ ಮೇಲೆ. 1972ರಲ್ಲಿ ಜೂಜಿನ ಕೇಸಿನಲ್ಲಿ ಸರ್ಕಾರದವರು ದಾಳಿ ಮಾಡಿದರು, ಕಥೆ ಅಲ್ಲಿಗೆ ಮುಗಿಯಿತು.

ಆ ರಾತ್ರಿಗಳ ಸ್ಕೋರನ್ನು ಯಾರೂ ಬರೆದಿಡಲಿಲ್ಲ. ಬರೆದಿಟ್ಟಿದ್ದರೆ ಜೈಲಿಗೆ ಹೋಗಬೇಕಿತ್ತು! ಅಲ್ಲಿ ಆಡಿದವರಲ್ಲಿ ಲೂಥರ್ ಲ್ಯಾಸಿಟರ್‌ಗೆ ಟೂರ್ನಿ ಗೆಲುವುಗಳ ಪಟ್ಟಿಯೂ ಇತ್ತು, 1983ರಲ್ಲಿ ಒಳಗೆ ಬಂದರು. ಬಾಜಿ ಆಟದಲ್ಲೇ ಹೆಚ್ಚು ಬದುಕಿದ ಎಡ್ಡಿ ಟೇಲರ್ 1993ರವರೆಗೆ ಕಾದರು. ಎಷ್ಟೋ ಜನರ ಹೆಸರು ಬಾಯಿಮಾತಿನಲ್ಲೇ ಉಳಿಯಿತು. ಕೊನೆಗೆ 2004ರಲ್ಲಿ ಒನ್ ಪಾಕೆಟ್ ಪ್ರೇಮಿಗಳು ಬೇಸತ್ತು ತಮ್ಮದೇ ಹಾಲ್ ಆಫ್ ಫೇಮ್ ಮಾಡಿಕೊಂಡರು, ಅಲ್ಲಿ ರಾನಿ ಅಲೆನ್ ತರದವರಿಗೆ ಮೊದಲ ಮಣೆ.

ಬಾಜಿಯವರಿಗಾದರೂ ತಾವೇ ಆರಿಸಿಕೊಂಡ ದಾರಿ ಅಂತ ಹೇಳಬಹುದು. ಮರ್ಫಿಗೆ ಆ ಮಾತೂ ಅನ್ವಯಿಸಲ್ಲ. ಬ್ರೂಕ್ಲಿನ್‌ನ ಕಪ್ಪು ಹುಡುಗ, ಹದಿಹರೆಯದಲ್ಲೇ ನ್ಯೂಯಾರ್ಕ್ ನಗರದ ಚಾಂಪಿಯನ್. 1959ರಿಂದ 1964ರವರೆಗೆ ಈಸ್ಟರ್ನ್ ಸ್ಟೇಟ್ಸ್ ಸ್ಟ್ರೇಟ್ ಪೂಲ್ ಟೈಟಲ್ ಸತತ ಆರು ವರ್ಷ ಅವರದ್ದೇ. ಆದರೂ ವಿಶ್ವ ಟೂರ್ನಿಗೆ ಕರೆ ಬರಲಿಲ್ಲ. ಯಾರು ಬೇಡ ಅಂದರು ಅಂತ ಹುಡುಕಿದರೆ ಒಬ್ಬರ ಹೆಸರೂ ಕೈಗೆ ಸಿಗಲ್ಲ, ಆಹ್ವಾನ ಬರಲಿಲ್ಲ, ಅಷ್ಟೇ. 1965ರಲ್ಲಿ ಬಂತು, ಗೆದ್ದರು. ಆ ಮಟ್ಟದ ಟೈಟಲ್ ಗೆದ್ದ ಮೊದಲ ಆಫ್ರಿಕನ್ ಅಮೆರಿಕನ್. ಆದರೆ ಹಾಲ್ ಆಫ್ ಫೇಮ್ ಲೆಕ್ಕ ಹಾಕುವಾಗ ಆಡಿದ ವರ್ಷಗಳು ಲೆಕ್ಕಕ್ಕೆ ಬರುತ್ತವೆ, ಆಡಲು ಬಿಡದ ವರ್ಷಗಳು ಬರಲ್ಲ. ಬೇರೆಯವರ ಪಟ್ಟಿಯ ಪಕ್ಕ ಇಟ್ಟರೆ ಮರ್ಫಿ ಪಟ್ಟಿ ಚಿಕ್ಕದಾಗಿ ಕಾಣಿಸುತ್ತದೆ. ಕಾಣಿಸದೆ ಇನ್ನೇನು?

ಹೆಂಗಸರ ವಿಷಯದಲ್ಲೂ ಇದೇ. ಡೊರೊಥಿ ವೈಸ್ ಕಾಲದಲ್ಲಿ ಮಹಿಳೆಯರಿಗೆ ದೊಡ್ಡ ಟೂರ್ನಿಗಳೇ ಅಪರೂಪ. ಅವರು ತಮ್ಮನ್ನು ತಾವೇ ವಿಶ್ವ ಚಾಂಪಿಯನ್ ಅಂತ ಕರೆದುಕೊಂಡರು. ಧಿಮಾಕು ಅನ್ನಿಸಬಹುದು. ಆದರೆ 1967ರಲ್ಲಿ ಮಹಿಳೆಯರ ಯುಎಸ್ ಓಪನ್ ಪೂಲ್ ಟೂರ್ನಿ ಶುರುವಾದಾಗ ಮೊದಲ ಐದೂ ವರ್ಷ ಗೆದ್ದು ತೋರಿಸಿದರು, ಆಗ ಅವರ ವಯಸ್ಸು ಐವತ್ತು ದಾಟಿತ್ತು. 1981ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಮಹಿಳೆ ಅವರೇ. ಅವರ ನಂತರ ಜೀನ್ ಬಲೂಕಸ್. 1972ರಿಂದ 1978ರವರೆಗೆ ಏಳು ಯುಎಸ್ ಓಪನ್, 1985ರಲ್ಲಿ ಹಾಲ್ ಆಫ್ ಫೇಮ್. ಆಗ ಅವರಿನ್ನೂ ಮೂವತ್ತು ಮುಟ್ಟಿರಲಿಲ್ಲ.

ಇವತ್ತಿನ ನಿಯಮದಲ್ಲಿ ಅದು ಆಗುತ್ತಿರಲಿಲ್ಲ. ಆಟಗಾರರ ಸಾಲಿಗೆ ಬರಲು 40 ವರ್ಷ ತುಂಬಿರಬೇಕು, ಕನಿಷ್ಠ 10 ವರ್ಷ ವೃತ್ತಿಪರವಾಗಿ ಆಡಿರಬೇಕು, ಅದರ ಮೇಲೆ ದಾಖಲಾದ ಗೆಲುವು, ಮುಖ್ಯವಾಗಿ ಅಮೆರಿಕದಲ್ಲಿ ನಡೆಯುವ ಟೂರ್ನಿಗಳಲ್ಲಿ. ವೋಟು ಹಾಕೋದರಲ್ಲಿ ಬಿಲಿಯರ್ಡ್ಸ್ ಪತ್ರಕರ್ತರ ಪಾಲು ದೊಡ್ಡದು. ಹಳಬರಲ್ಲಿ ತಪ್ಪಿಹೋದವರನ್ನು ಹುಡುಕಲು ಬೇರೆ ಸಮಿತಿಯನ್ನೂ ಮಾಡಿದ್ದಾರೆ. ಮೊದಲಿಗಿಂತ ವಾಸಿ. ಮರ್ಫಿ ಕಾಲದಲ್ಲಿ ಇಂಥದ್ದೊಂದು ಇದ್ದಿದ್ದರೆ ಅನ್ನಿಸುತ್ತದೆ.

ಪತ್ರಕರ್ತರು ಅಂಕಿ ಮಾತ್ರ ನೋಡುತ್ತಾರಾ, ಗುಣವನ್ನೂ ನೋಡುತ್ತಾರಾ? ನಿಯಮದಲ್ಲಿ ಎರಡನೆಯದಕ್ಕೆ ಜಾಗ ಇಲ್ಲ. ಆದರೂ ಅರ್ಲ್ ಸ್ಟ್ರಿಕ್‌ಲ್ಯಾಂಡ್ ವಿಷಯ ಬಂದಾಗ ಈ ಪ್ರಶ್ನೆ ಎದ್ದೇ ಏಳುತ್ತದೆ. ಐದು ಯುಎಸ್ ಓಪನ್, ಮೂರು ವಿಶ್ವ ನೈನ್ ಬಾಲ್ ಟೈಟಲ್. ಜೊತೆಗೆ ರೆಫರಿ, ಪ್ರೇಕ್ಷಕ, ಗಾಳಿ, ಬೆಳಕು, ಯಾರ ಮೇಲಾದರೂ ರೇಗುವ ಸ್ವಭಾವ. 40 ತುಂಬಿದ್ದು 2001ರಲ್ಲಿ, ಒಳಗೆ ಬಂದಿದ್ದು 2006ರಲ್ಲಿ. ಆ ಐದು ವರ್ಷಕ್ಕೆ ಕಾರಣ ಏನು ಅಂತ ನಿಮಗೇ ಬಿಡುತ್ತೇನೆ.

ಎಫ್ರೆನ್ ರೆಯೆಸ್ ಅವರದ್ದು ಬೇರೆ ತೊಡಕು. 1985ರಲ್ಲಿ ಫಿಲಿಪ್ಪೀನ್ಸ್‌ನಿಂದ ಅಮೆರಿಕಕ್ಕೆ ಬಂದಾಗ ಸೀಸರ್ ಮೊರಾಲೆಸ್ ಅಂತ ಸುಳ್ಳು ಹೆಸರು ಹೇಳಿ ಆಡಿದರು, ನಿಜ ಹೆಸರು ಹೇಳಿದರೆ ಬಾಜಿ ಕಟ್ಟುವವರು ಸಿಗಲ್ಲ ಅಂತ. 1994ರಲ್ಲಿ ಯುಎಸ್ ಓಪನ್ ನೈನ್ ಬಾಲ್ ಗೆದ್ದ ಮೊದಲ ವಿದೇಶಿ. 1996ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸ್ಟ್ರಿಕ್‌ಲ್ಯಾಂಡ್ ಎದುರು ದಿನಗಟ್ಟಲೆ ಆಡಿ 120-117ರಲ್ಲಿ ಗೆದ್ದು ಒಂದು ಲಕ್ಷ ಡಾಲರ್ ತಗೊಂಡರು. 2003ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಏಷ್ಯನ್ ಆದರು. ಅಮೆರಿಕಕ್ಕೆ ಬಂದು ಆಡಿದ್ದರಿಂದ ಅವರ ದಾರಿ ಸುಲಭವಾಯಿತು. ಮನಿಲಾ, ತೈಪೆಯಲ್ಲೇ ಉಳಿದು ಗೆದ್ದವರಿಗೆ ಅದೇ ಪಟ್ಟಿ ಅಷ್ಟು ತೂಗಲ್ಲ.

ಈಗ ಅಮೆರಿಕದ ಟೂರ್ನಿಯನ್ನೇ ಹೊರಗಿನವರು ಗೆಲ್ಲುತ್ತಿದ್ದಾರೆ. ಯುಎಸ್ ಓಪನ್ 2019ರಲ್ಲಿ ಜರ್ಮನಿಗೆ, 2021ರಲ್ಲಿ ಫಿಲಿಪ್ಪೀನ್ಸ್‌ಗೆ, 2022ರಲ್ಲಿ ಸ್ಪೇನ್‌ಗೆ ಹೋಯಿತು. ಪಂದ್ಯದ ಪ್ರತಿ ಶಾಟ್ ವಿಡಿಯೊದಲ್ಲಿದೆ, ಬರೆದಿಟ್ಟಿಲ್ಲ ಅನ್ನೋ ನೆಪ ಯಾರಿಗೂ ಇಲ್ಲ. 2019ರಲ್ಲಿ ಗೆದ್ದ ಜೋಶುವಾ ಫಿಲ್ಲರ್ ಹುಟ್ಟಿದ್ದು 1997ರಲ್ಲಿ, 21ರ ಹರೆಯದಲ್ಲೇ ವಿಶ್ವ ನೈನ್ ಬಾಲ್ ಚಾಂಪಿಯನ್. ಈಗಿನ ನಿಯಮವೇ ಉಳಿದರೆ ಅವರ ಹೆಸರು ವೋಟಿಗೆ ಬರೋದು 2037ರ ಸುಮಾರಿಗೆ. ಅಷ್ಟರಲ್ಲಿ ಅವರ ಗೆಲುವುಗಳಲ್ಲಿ ಎಷ್ಟು ಅಮೆರಿಕದ ನೆಲದ್ದು, ಎಷ್ಟು ಹೊರಗಿನದು ಅಂತ ಕೂತು ಎಣಿಸುವವರು ಇದ್ದೇ ಇರುತ್ತಾರೆ.